ಮೇಲಿನ ಮನೆಯ ಬಾಡಿಗೆ

ನನ್ನ ಗಿರಾಕಿಗಳನ್ನು ಕಂಡರೆ ನನಗಾಗುವುದಿಲ್ಲ. ಮೊದಲೇ ಹೇಳಿಬಿಡುವುದು ಒಳ್ಳೆಯದು. ಬನಶಂಕರಿ ಎರಡನೇ ಹಂತದಲ್ಲಿ ಒಂದು ಜೆರಾಕ್ಸ್ ಅಂಗಡಿಯ ಮೇಲಿನ ಕೋಣೆಯಲ್ಲಿ ಕೂತು, ಬೇರೆಯವರ ಆದಾಯ ತೆರಿಗೆಯ ರಿಟರ್ನ್ ತುಂಬಿಕೊಡುವುದು ನನ್ನ ಕೆಲಸ. ಅರ್ಧ ಆಯುಷ್ಯ ಇದರಲ್ಲೇ ಹೋಗಿದೆ. ಲೆಕ್ಕ ನನಗೆ ಇಷ್ಟ, ಕಾನೂನಿನ ಜೊತೆಗೂ ಹೇಗೋ ಹೊಂದಿಕೊಂಡಿದ್ದೇನೆ. ಆಗದಿರುವುದು ಮನುಷ್ಯರ ಜೊತೆ ಮಾತ್ರ.

ಏಪ್ರಿಲ್ ಮುಗಿಯುತ್ತಿದ್ದಂತೆ ಎಲ್ಲರಿಗೂ ಮೆಸೇಜು ಹಾಕುತ್ತೇನೆ: ಕಾಗದಪತ್ರ ಕಳಿಸಿ, ಬೇಗ ಮುಗಿಸೋಣ. ಓದಿದ್ದಾರೆಂದು ತೋರಿಸುವ ನೀಲಿ ಗೀಟು ಬರುತ್ತದೆ, ಕಾಗದ ಬರುವುದಿಲ್ಲ. ಕೊನೆಯ ವಾರ ಶುರುವಾಯಿತೆಂದರೆ ಅದೇ ಜನ ದಿನಕ್ಕೆ ಹತ್ತು ಸಲ ಫೋನು ಮಾಡಿ ಜೀವ ಹಿಂಡುತ್ತಾರೆ. ಆಫೀಸಿನವರು ಕೊಡುವ ಸಂಬಳದ ಸರ್ಟಿಫಿಕೇಟನ್ನು ಹಾಸಿಗೆಯ ಮೇಲಿಟ್ಟು ಫೋಟೋ ಹೊಡೆದು ಕಳಿಸುತ್ತಾರೆ. ಅಂಕಿಗಳ ಮೇಲೆ ಅವರದೇ ಹೆಬ್ಬೆರಳು. ಅಂಕಿ ಕಾಣಿಸುವುದಿಲ್ಲ, ಹಾಸಿಗೆ ಹೊದಿಕೆಯ ಹೂವು ಮಾತ್ರ ಚೆನ್ನಾಗಿ ಕಾಣಿಸುತ್ತದೆ. ಜಯನಗರ, ಜೆ.ಪಿ. ನಗರದ ಎಷ್ಟೋ ಮನೆಗಳ ಬೆಡ್‌ಶೀಟು ನನಗೆ ಪರಿಚಯ.

"ಡೇಟ್ ಎಕ್ಸ್‌ಟೆಂಡ್ ಆಗುತ್ತಂತಲ್ಲ ಮೇಡಂ?" ಎನ್ನುವುದು ಇವರೆಲ್ಲರ ಮಂತ್ರ. ಈ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಇನ್ನೊಂದು, "ಏನಾದ್ರೂ ಅಡ್ಜಸ್ಟ್ ಮಾಡಿ." ದೊಡ್ಡ ಹುದ್ದೆಯಿಂದ ನಿವೃತ್ತರಾದ ಒಬ್ಬರು ಪ್ರತಿ ವರ್ಷ ದೇವಸ್ಥಾನದ ಅರ್ಚನೆ ಚೀಟಿಗಳನ್ನೆಲ್ಲ ರಬ್ಬರ್ ಬ್ಯಾಂಡ್ ಹಾಕಿ ತಂದು, ಇದೂ ದಾನವೇ ಅಲ್ಲವೇ, ತೆರಿಗೆಯಲ್ಲಿ ಕಳೆಯಿರಿ ಎಂದು ಕೂರುತ್ತಾರೆ. ದೇವರು ಕೊಟ್ಟ ಪುಣ್ಯವನ್ನು ಆದಾಯದ ಕಡೆ ತೋರಿಸುವುದಾದರೆ ಕಳೆಯುತ್ತೇನೆ ಎಂದೆ. ಅವರಿಗೆ ಅರ್ಥವಾಗಲಿಲ್ಲ, ಮರುವರ್ಷವೂ ತಂದರು. ಹೊಸದಾಗಿ ಬರುವವರು ಬಾಗಿಲಲ್ಲಿ ನಿಂತು ನನ್ನ ಹಿಂದೆ ಗೋಡೆಯತ್ತ ಇಣುಕಿ, "ಆಡಿಟರ್ ಸಾರ್ ಇಲ್ವಾ?" ಎಂದು ಕೇಳುವುದೂ ಉಂಟು. ನಾನೇ ಎಂದರೆ, ಅಲ್ಲಿಂದಲೇ ಫೀಸು ಚೌಕಾಸಿ ಶುರು.

ಇಂಥವರ ನಡುವೆ ನಾನು ಬದುಕಿ ಉಳಿದಿರುವುದು ಒಂದು ನಿಯಮದಿಂದ. ಹರೆಯದಲ್ಲಿ ಬಸವನಗುಡಿಯ ಒಬ್ಬ ಹಿರಿಯ ಆಡಿಟರ್ ಬಳಿ ಕೆಲಸ ಕಲಿತೆ. ಯಾರ ಹೆಸರಿನಲ್ಲಿ ರಿಟರ್ನ್ ಹಾಕುತ್ತೇವೋ ಅವರ ಬಾಯಿಂದಲೇ ಒಮ್ಮೆ ಕೇಳದೆ ಹಾಕಕೂಡದು ಎನ್ನುವುದು ಅವರ ಪದ್ಧತಿ. ನಾನೂ ಅದನ್ನು ಬಿಟ್ಟಿಲ್ಲ. ಈಗ ಸೈನಿನ ಬದಲು ಫೋನಿಗೆ ಓಟಿಪಿ ಬರುತ್ತದೆ. ಆ ಸಂಖ್ಯೆ ಹಾಕಿದರೆ, ಈ ರಿಟರ್ನಿನಲ್ಲಿರುವುದೆಲ್ಲ ನಿಜವೆಂದು ಒಪ್ಪಿದಂತೆ. ನಮ್ಮೂರಿನಲ್ಲಿ ಹೆಂಡತಿಯ ಓಟಿಪಿ ಗಂಡನ ಹತ್ತಿರ, ಅಪ್ಪನ ಓಟಿಪಿ ಮಗಳ ಹತ್ತಿರ. ಕುಕ್ಕರ್ ಎಷ್ಟು ಸಲ ಕೂಗಿತು ಎಂದು ಹೇಳುವ ಹಾಗೆ ಅಡಿಗೆಮನೆಯಿಂದಲೇ ಕೂಗಿ ಹೇಳುತ್ತಾರೆ. ನನ್ನಲ್ಲಿ ಅದು ನಡೆಯುವುದಿಲ್ಲ. ಒಳಗೆ ಏನು ಬರೆದಿದ್ದೇನೆಂದು ಅವರಿಗೇ ಫೋನಿನಲ್ಲಿ ಹೇಳಿ, ಅವರು ಹೂಂ ಎಂದ ಮೇಲೆಯೇ ಸಂಖ್ಯೆ ಕೇಳುತ್ತೇನೆ. ಇದಕ್ಕೇ ನನಗೆ ಜಂಬದ ಹೆಂಗಸು ಎಂಬ ಹೆಸರು ಬಂದಿದೆ. ಇರಲಿ.

ಆ ಮನುಷ್ಯ ನನ್ನ ಬಳಿ ಬಂದದ್ದು ತೆರಿಗೆ ಇಲಾಖೆಯಿಂದ ಒಂದು ಪತ್ರ ಬಂದ ಮೇಲೆ. ಖಾಸಗಿ ಕಂಪನಿಯೊಂದರಲ್ಲಿ ಸೇಲ್ಸ್ ಮ್ಯಾನೇಜರು, ನಲವತ್ತೈದರ ಆಸುಪಾಸು, ಜಯನಗರದಲ್ಲಿ ಮನೆ. ಒಳಗೆ ಬಂದವನೇ ಕಾರಿನ ಕೀಲಿಯನ್ನು ನನ್ನ ಮೇಜಿನ ಮೇಲೆ, ಬೇರೆಯವರ ಫೈಲಿನ ಮೇಲೆ, ಟಪ್ಪೆಂದು ಇಟ್ಟ. ಅಲ್ಲೇ ನನಗೆ ಸರಿಬರಲಿಲ್ಲ.

ಆತನ ಕಥೆ ಹೊಸದಲ್ಲ. ಸಂಬಳದಲ್ಲಿ ಮನೆ ಬಾಡಿಗೆ ಭತ್ಯೆ ಅಂತ ಒಂದು ಭಾಗವಿರುತ್ತದೆ. ನಿಜವಾಗಿ ಬಾಡಿಗೆ ಕಟ್ಟುವವರಿಗೆ ಅದರ ಮೇಲೆ ತೆರಿಗೆ ವಿನಾಯಿತಿ. ಸ್ವಂತ ಮನೆಯಲ್ಲಿರುವವರಿಗೆ ಇಲ್ಲ. ಆದರೆ ಮನೆ ತಾಯಿಯ ಹೆಸರಿನಲ್ಲಿದ್ದರೆ? ಮಗ ಬಾಡಿಗೆದಾರನಾಗುತ್ತಾನೆ, ತಾಯಿ ಓನರ್ ಆಗುತ್ತಾಳೆ. ಕಾಗದದ ಮೇಲೆ ಮಾತ್ರ. ದಕ್ಷಿಣ ಬೆಂಗಳೂರಿನಲ್ಲಿ ಇದೊಂದು ವಾರ್ಷಿಕ ವ್ರತ. ಸಂಕ್ರಾಂತಿಯ ಎಳ್ಳು ಬೀರಿ ಮುಗಿಯುವ ಹೊತ್ತಿಗೆ ಆಫೀಸಿನವರು ರಸೀದಿ ಕೇಳುತ್ತಾರೆ. ಮಗ ವರ್ಷದ ರಸೀದಿಗಳನ್ನೆಲ್ಲ ಒಟ್ಟಿಗೆ ತಂದು ಊಟದ ಮೇಜಿನ ಮೇಲೆ ಹರವುತ್ತಾನೆ. ತಾಯಿ ಕನ್ನಡಕ ಹುಡುಕಿ ರೆವಿನ್ಯೂ ಸ್ಟಾಂಪಿನ ಮೇಲೆ ಒಂದೇ ಪೆನ್ನಿನಲ್ಲಿ ಸೈನ್ ಮಾಡುತ್ತಾಳೆ. ಒಂದು ಪೈಸೆ ಕೈ ಬದಲಾಗಿರುವುದಿಲ್ಲ. ಕಾನೂನಿನ ಪ್ರಕಾರ ತಾಯಿಗೆ ಬಾಡಿಗೆ ಕೊಡುವುದು ತಪ್ಪಲ್ಲ. ಕೊಡದೆ ಕೊಟ್ಟೆ ಎನ್ನುವುದು ತಪ್ಪು.

ಈತ ಇದ್ದದ್ದು ತಾಯಿಯ ಹೆಸರಿನ ಮನೆಯ ಮೇಲಿನ ಮಹಡಿಯಲ್ಲಿ. ಬಾಡಿಗೆ ಕೊಟ್ಟ ದಾಖಲೆ ತೋರಿಸಿ ಎಂದು ಇಲಾಖೆ ಕೇಳಿತ್ತು. ಆತನ ಬಳಿ ರಸೀದಿ ಬಿಟ್ಟು ಬೇರೇನೂ ಇರಲಿಲ್ಲ.

"ಕ್ಯಾಶ್ ಕೊಟ್ಟೆ ಅಂತ ಬರೆದುಬಿಡಿ ಮೇಡಂ."

"ಕೊಟ್ರಾ?"

"ಅಮ್ಮಂಗೆ ಬಾಡಿಗೆ ಯಾರಾದ್ರೂ ಕೊಡ್ತಾರಾ? ಎಲ್ರೂ ಮಾಡೋದೇ ತಾನೆ. ನೀವು ಆಡಿಟರ್, ನಿಮಗೆ ಗೊತ್ತಿಲ್ವಾ?"

"ಗೊತ್ತು. ಅದಕ್ಕೇ ಬರೆಯಲ್ಲ."

ಅರ್ಧ ಗಂಟೆ ಹಾರಾಡಿದ. ಕೊನೆಗೆ ಆ ವರ್ಷದ ವಿನಾಯಿತಿ ಬಿಟ್ಟು, ತೆರಿಗೆಯನ್ನೂ ಬಡ್ಡಿಯನ್ನೂ ಕಟ್ಟಿ ರಿಟರ್ನ್ ಸರಿಪಡಿಸಿದೆವು. ಮುಂದಕ್ಕೆ ವಿನಾಯಿತಿ ಬೇಕಾದರೆ ತಿಂಗಳು ತಿಂಗಳು ಬ್ಯಾಂಕಿನ ಮೂಲಕ ತಾಯಿಯ ಖಾತೆಗೆ ನಿಜವಾಗಿಯೂ ಹಾಕಬೇಕು, ತಾಯಿಯ ರಿಟರ್ನಿನಲ್ಲಿ ಅದು ಆದಾಯವಾಗಿ ಕಾಣಬೇಕು, ಆ ರಿಟರ್ನೂ ನಾನೇ ಹಾಕುತ್ತೇನೆ ಎಂದೆ. ಆತ ಯೋಚಿಸಿ, ಧ್ವನಿ ತಗ್ಗಿಸಿ ಕೇಳಿದ: "ಹಾಕಿದ ಮೇಲೆ ಅಮ್ಮ ಕ್ಯಾಶ್ ಡ್ರಾ ಮಾಡಿ ನನಗೆ ವಾಪಸ್ ಕೊಟ್ರೆ ತೊಂದರೆ ಇಲ್ವಲ್ಲ? ಎಟಿಎಂ ಕಾರ್ಡು ನನ್ನ ಹತ್ರಾನೇ ಇರುತ್ತೆ."

"ನಿಮ್ಮ ತಾಯೀನ ಒಂದ್ಸಲ ಕಳಿಸಿ. ನಾನು ಮಾತಾಡ್ಬೇಕು," ಎಂದೆ.

ಅವರು ಒಂದು ಬೆಳಿಗ್ಗೆ ಆಟೋದಲ್ಲಿ ಬಂದರು. ಎಪ್ಪತ್ತು ದಾಟಿದ ತೆಳ್ಳನೆಯ ಹೆಂಗಸು, ನೀಟಾಗಿ ಪಿನ್ನು ಹಾಕಿದ ಕಾಟನ್ ಸೀರೆ, ಕೈಯಲ್ಲಿ ಬಟ್ಟೆ ಅಂಗಡಿಯ ಚೀಲ. ನನ್ನ ಮೆಟ್ಟಿಲು ಕಡಿದಾಗಿವೆ. ಹತ್ತಿ ಬಂದು ಕುರ್ಚಿಗೊರಗಿ ಉಸಿರು ಸುಧಾರಿಸಿಕೊಂಡರು. ನೀರು ಕೊಟ್ಟು, ನೇರವಾಗಿ ಕೇಳಿದೆ.

"ನಿಮಗೆ ಮೇಲಿನ ಮನೆಯಿಂದ ಬಾಡಿಗೆ ಬರುತ್ತಾ ಅಮ್ಮ?"

"ಯಾರಿಂದ?"

"ನಿಮ್ಮ ಮಗನಿಂದ."

ಅವರು ನಕ್ಕುಬಿಟ್ಟರು. "ಮಗ ಬಾಡಿಗೆ ಕೊಡ್ತಾನೇನ್ರೀ?"

"ನೀವು ರಸೀದಿಗೆ ಸೈನ್ ಮಾಡಿದೀರ."

"ಆಫೀಸಿಗೆ ಬೇಕು ಅಂದ. ಮಾಡಿದೆ."

ಆ ರಸೀದಿ ಏನು ಹೇಳುತ್ತದೆಂದು ತಿಳಿಸಿದೆ. ನಗು ನಿಂತಿತು. ಕೋಪ ಬಂದಂತೆ ಕಾಣಲಿಲ್ಲ. ಚೀಲದ ಹಿಡಿಯನ್ನು ಸುತ್ತುತ್ತ, ನಿಧಾನವಾಗಿ ತಮ್ಮ ಮನೆಯ ವಿಷಯ ಹೇಳಿದರು. ಕಟ್ಟಿಸಿದ್ದು ಅವರ ಗಂಡ. ಕೆಳಗೆ ತಾವು, ಮೇಲೆ ಬಾಡಿಗೆಯವರು. "ನಮ್ಮನೆಯವರು ಬಾಡಿಗೆ ವಿಷಯದಲ್ಲಿ ಬಹಳ ಸ್ಟ್ರಿಕ್ಟು. ಐದನೇ ತಾರೀಖು ದಾಟಿದ್ರೆ ಮೆಟ್ಟಿಲ ಕೆಳಗೆ ಕುರ್ಚಿ ಹಾಕ್ಕೊಂಡು ಕೂತ್ಕೋತಿದ್ರು, ಬಾಡಿಗೆಯವರು ಆಫೀಸಿಗೆ ಇಳಿಯೋವಾಗ ಎದುರಿಗೇ ಸಿಗಲಿ ಅಂತ." ಗಂಡ ತೀರಿಕೊಂಡ ಮೇಲೆ ಬಿಟಿಎಂ ಲೇಔಟಿನಲ್ಲಿದ್ದ ಮಗ ಸಂಸಾರ ಸಮೇತ ಬಂದು ಮೇಲಿನ ಮನೆಗೆ ಸೇರಿಕೊಂಡ. ಬಾಡಿಗೆಯವರು ಹೋದರು, ಬಾಡಿಗೆಯೂ ಹೋಯಿತು. ಮನೆಖರ್ಚೆಲ್ಲ ಮಗ ನೋಡಿಕೊಳ್ಳುತ್ತಾನೆ, ಅದರಲ್ಲಿ ತಕರಾರಿಲ್ಲ. ಆದರೆ ವಿಲ್ಸನ್ ಗಾರ್ಡನ್ನಿನಲ್ಲಿ ಅವರ ತಂಗಿಯಿದ್ದಾರೆ, ಮಂಡಿ ನೋವಿನಿಂದ ಮನೆ ಬಿಟ್ಟು ಹೊರಡಲಾರರು. ಅಲ್ಲಿಗೆ ಹೋಗಬೇಕೆಂದರೆ ಮಗನನ್ನು ಕೇಳಬೇಕು. ಕೇಳಿದರೆ "ಸಂಡೇ ನೋಡೋಣ" ಎನ್ನುತ್ತಾನೆ. ಎಷ್ಟೋ ಸಂಡೇಗಳು ಹೋಗಿವೆ. ಇವತ್ತು ಆಟೋಗೂ ಸೊಸೆಯ ಹತ್ತಿರ ಕೇಳಿ ತಂದಿದ್ದರು.

ಕೇಳುತ್ತ ಕೇಳುತ್ತ ನನಗೆ ಆ ಕಾರಿನ ಕೀಲಿ ನೆನಪಾಯಿತು. ಇನ್ನು ಮೇಲೆ ತಿಂಗಳು ತಿಂಗಳು ಹಣ ಬರುತ್ತದೆ, ಅದು ನಿಮ್ಮದು, ವಾಪಸ್ ಕೊಟ್ಟರೆ ಅದು ಬಾಡಿಗೆ ಆಗುವುದಿಲ್ಲ, ಕಾರ್ಡು ನಿಮ್ಮ ಹತ್ತಿರವೇ ಇರಬೇಕು ಎಂದು ಬಿಡಿಸಿ ಹೇಳಿದೆ. ಎಲ್ಲಕ್ಕೂ ಹೂಂ, ಹೂಂ ಎಂದು ತಲೆಯಾಡಿಸಿ ಹೋದರು.

ಮುಂದಿನ ತಿಂಗಳೇ ಮಗ ಮೆಟ್ಟಿಲನ್ನು ದಡದಡ ಹತ್ತಿ ಬಂದ.

"ವಾಪಸ್ ಕೊಟ್ರೆ ಜೈಲಾಗುತ್ತೆ ಅಂತ ಹೇಳಿದೀರಂತೆ ಅಮ್ಮಂಗೆ! ನನ್ನ ಹತ್ರ ಇದ್ದ ಕಾರ್ಡು ಈಸ್ಕೊಂಡು ವಾಪಸ್ಸೇ ಕೊಡ್ತಿಲ್ಲ."

ಜೈಲಿನ ಸುದ್ದಿಯನ್ನು ನಾನು ಎತ್ತಿಯೇ ಇರಲಿಲ್ಲ. ಅದು ಅವರದೇ ಸೇರ್ಪಡೆ. "ನಾನು ಹೇಳಲಿಲ್ಲ ಸಾರ್. ಹೇಳಬೇಕಿತ್ತು, ಮರೆತೆ," ಎಂದೆ.

ಬೇರೆ ಆಡಿಟರನ್ನು ನೋಡಿಕೊಳ್ಳುತ್ತೇನೆ ಎಂದು ಬೆದರಿಸಿದ. ಧಾರಾಳವಾಗಿ ಎಂದೆ. ಹೋಗಲಿಲ್ಲ. ಇಲಾಖೆಯ ಪತ್ರದ ಹೆದರಿಕೆ ಇನ್ನೂ ಮೈಯಲ್ಲಿತ್ತು; ನನ್ನನ್ನು ಬೈದುಕೊಂಡೇ ನನ್ನ ಬಳಿ ಉಳಿದ. ಆಮೇಲೆ ಆತ ಬಂದಾಗಲೆಲ್ಲ ನಾವಿಬ್ಬರೂ ಮುಖ ಗಂಟಿಕ್ಕಿಕೊಂಡೇ ಕೆಲಸ ಮುಗಿಸುತ್ತಿದ್ದೆವು. ಅದು ನನಗೆ ಒಂದು ರೀತಿಯಲ್ಲಿ ಅನುಕೂಲವೇ ಆಯಿತು. ಕುಶಲ ವಿಚಾರಿಸುವ ತಾಪತ್ರಯ ತಪ್ಪಿತು.

ಆ ತಾಯಿ ಪ್ರತಿ ಗುರುವಾರಕ್ಕೆ ಒಬ್ಬ ಆಟೋದವನನ್ನು ಗೊತ್ತುಮಾಡಿಕೊಂಡರು. ಬೆಳಿಗ್ಗೆ ಬಂದು ಗೇಟಿನ ಮುಂದೆ ಹಾರ್ನ್ ಹೊಡೆಯುತ್ತಾನೆ, ತಂಗಿಯ ಮನೆಗೆ ಬಿಡುತ್ತಾನೆ, ಸಂಜೆ ಕರೆತರುತ್ತಾನೆ. ಇಷ್ಟೇ. ಬಾಡಿಗೆ ಬಂದ ಮೇಲೆ ಅವರ ಬದುಕಿನಲ್ಲಾದ ಬದಲಾವಣೆ ಇಷ್ಟೇ ಎಂದು ಕಾಣುತ್ತದೆ. ಹೋಗುವ ದಾರಿಯಲ್ಲಿ ತಂಗಿಗೆ ಹೂವು, ಒಂದಷ್ಟು ಕೋಡುಬಳೆ. ಇದನ್ನೆಲ್ಲ ನನಗೆ ಹೇಳಿದ್ದು ಮೊದಲ ವರ್ಷ ಅವರ ರಿಟರ್ನ್ ಹಾಕುವಾಗ, ಫೋನಿನಲ್ಲಿ. ಒಳಗಿರುವುದನ್ನು ನಾನು ಓದಿ ಹೇಳಿದ ಮೇಲೆ ಅವರು ಕೇಳಿದರು:

"ನಾನೆಷ್ಟು ಟ್ಯಾಕ್ಸ್ ಕಟ್ಟಬೇಕು?"

"ಏನೂ ಕಟ್ಟೋ ಹಾಗಿಲ್ಲಮ್ಮ. ನಿಮ್ಮ ವಯಸ್ಸಿಗೆ ಇಷ್ಟು ಆದಾಯಕ್ಕೆ ಟ್ಯಾಕ್ಸ್ ಬರಲ್ಲ."

"ಒಂದ್ಚೂರೂ ಬರಲ್ವಾ?"

ಅವರಿಗೆ ಬೇಸರವಾಯಿತು. ತೆರಿಗೆ ಬರಲಿಲ್ಲವೆಂದು ಬೇಸರ ಮಾಡಿಕೊಂಡವರನ್ನು ನನ್ನ ಈ ಹಾಳು ವೃತ್ತಿಯಲ್ಲಿ ನಾನು ಕಂಡದ್ದು ಅವರೊಬ್ಬರನ್ನೇ. ಆಮೇಲೆ ಓಟಿಪಿಯನ್ನು ಕನ್ನಡದಲ್ಲಿ ಒಂದೊಂದೇ ಅಂಕಿಯಾಗಿ, ಮಗ್ಗಿ ಒಪ್ಪಿಸುವ ಹಾಗೆ ಹೇಳಿದರು. "ಸರಿಯಾಗಿತ್ತಾ?" ಎಂದು ಕೇಳಿ ಖಾತ್ರಿ ಮಾಡಿಕೊಂಡೇ ಫೋನು ಇಟ್ಟರು.

ಹೀಗೆ ಒಂದೆರಡು ವರ್ಷ ನಡೆಯಿತು. ಆಮೇಲೆ ತೆರಿಗೆಯ ದರಗಳು ಬದಲಾದವು. ವಿನಾಯಿತಿಗಳಿರುವ ಹಳೆಯ ಪದ್ಧತಿಯೊಂದು, ವಿನಾಯಿತಿಯಿಲ್ಲದೆ ಕಡಿಮೆ ದರದ ಹೊಸ ಪದ್ಧತಿಯೊಂದು ಮೊದಲೇ ಇದ್ದವು. ಆ ಏಪ್ರಿಲ್‌ನಿಂದ ಹೊಸದರಲ್ಲಿ ದರ ಇನ್ನೂ ಇಳಿದವು. ಈ ವರ್ಷ ಯಾವುದು ಬೇಕೆಂದು ಆಫೀಸು ಕೇಳುತ್ತಿದೆ, ನನಗೆ ಯಾವುದು ಲಾಭ ಎಂದು ಆ ಮಗ ಮೆಸೇಜು ಹಾಕಿದ. ಲೆಕ್ಕ ಹಾಕಿದೆ. ಹೊಸದು ಲಾಭ. ಇನ್ನೊಮ್ಮೆ ಹಾಕಿದೆ. ಆಗಲೂ ಅದೇ. ಹೊಸ ಪದ್ಧತಿಗೆ ಹೋದರೆ ಬಾಡಿಗೆಯ ವಿನಾಯಿತಿ ಇಲ್ಲ. ವಿನಾಯಿತಿ ಇಲ್ಲದಿದ್ದರೆ ಆತ ತಾಯಿಗೆ ಬಾಡಿಗೆ ಏಕೆ ಕೊಡುತ್ತಾನೆ?

ಆ ಉತ್ತರವನ್ನು ಕಳಿಸಲು ನನಗೆ ಎಷ್ಟು ಕಷ್ಟವಾಯಿತೆಂದು ಹೇಳಲಾರೆ. ಹಳೆಯದರಲ್ಲೇ ಇರಿ ಎಂದು ಬರೆದಿದ್ದರೆ ಆತನಿಗೆ ಗೊತ್ತೂ ಆಗುತ್ತಿರಲಿಲ್ಲ. ಆದರೆ ಲೆಕ್ಕವನ್ನು ತಿರುಚಿ ಹೇಳುವುದು ನನ್ನಿಂದಾಗುವುದಿಲ್ಲ, ಇಂಥವನಿಗಾಗಿ ಅಂತೂ ಆಗುವುದೇ ಇಲ್ಲ. ಹೊಸದು ಎಂದು ಬರೆದೆ. ನಿಮಿಷದೊಳಗೆ ಫೋನು ಬಂತು.

"ಹಾಗಾದ್ರೆ ಅಮ್ಮಂಗೆ ಹಾಕೋದು ಬೇಕಾಗಿಲ್ಲ, ಅಲ್ವಾ ಮೇಡಂ?"

ನನ್ನ ಜೊತೆ ಆತ ಅಷ್ಟು ಖುಷಿಯಿಂದ ಮಾತಾಡಿದ್ದು ಅದೇ ಮೊದಲು.

"ತೆರಿಗೆಗಾಗಿ ಬೇಕಾಗಿಲ್ಲ. ಮನೆ ಅವರದು, ಕೊಡೋದು ಬಿಡೋದು ನಿಮಗೆ ಸೇರಿದ್ದು," ಎಂದೆ. ಮೊದಲಿನ ಅರ್ಧವನ್ನಷ್ಟೇ ಆತ ಕೇಳಿಸಿಕೊಂಡ. ಥ್ಯಾಂಕ್ಸ್ ಎಂದು ಫೋನು ಇಟ್ಟ. ಆ ದಿನವೆಲ್ಲ ನನಗೆ ಯಾರ ಮುಖವನ್ನೂ ನೋಡಲು ಇಷ್ಟವಿರಲಿಲ್ಲ.

ಇನ್ನೊಂದು ಕೆಲಸ ಬಾಕಿಯಿತ್ತು. ಕಳೆದ ವರ್ಷದ ರಿಟರ್ನ್. ಆ ವರ್ಷ ಆತ ಪೂರ್ತಿ ಬಾಡಿಗೆ ಕೊಟ್ಟಿದ್ದ, ಹಳೆಯ ಪದ್ಧತಿಯೇ ಲಾಭವಾಗಿತ್ತು. ಹಳೆಯ ಪದ್ಧತಿ ಬೇಕೆಂದರೆ ಕೊನೆಯ ದಿನಾಂಕದೊಳಗೆ ರಿಟರ್ನ್ ಹಾಕಲೇಬೇಕು. ದಾಟಿದರೆ ವಿನಾಯಿತಿಯೆಲ್ಲ ಹೋಯಿತು. ಕಾಗದ ಕಳಿಸಿ ಎಂದು ಮೇ ತಿಂಗಳಿಂದ ಕೇಳಿದೆ. ಆ ವರ್ಷ ದಿನಾಂಕ ನಿಜವಾಗಿಯೂ ಮುಂದೆ ಹೋಯಿತು. ನನ್ನ ಗಿರಾಕಿಗಳ ಹರಕೆ ಫಲಿಸಿತು. ಜುಲೈಯಲ್ಲಿ ಬರಬೇಕಾದವರೆಲ್ಲ ಗಣೇಶನ ಹಬ್ಬ ಮುಗಿಸಿ, ಉಳಿದ ಕರ್ಜಿಕಾಯಿಯನ್ನು ಡಬ್ಬಿಯಲ್ಲಿ ಹಿಡಿದುಕೊಂಡು, ಹೊಸ ಕೊನೆಯ ದಿನಕ್ಕೇ ಸರಿಯಾಗಿ ಬಂದರು. ಆತನೂ ಬಂದ. ಸಂಜೆ ಐದರ ಹೊತ್ತಿಗೆ, ಟೂರಿನಲ್ಲಿದ್ದೆ ಎನ್ನುತ್ತ. ಕೀಲಿ ಮತ್ತೆ ಮೇಜಿನ ಮೇಲೆ.

ನಮ್ಮ ರಸ್ತೆಯ ಹುಡುಗರ ಗಣೇಶನನ್ನು ಅವತ್ತೇ ಮೆರವಣಿಗೆಯಲ್ಲಿ ಬಿಡಲು ಹೊರಟಿದ್ದರು. ಕೆಳಗೆ ತಮಟೆ ಕಿವಿ ಹರಿಯುವಂತೆ ಹೊಡೆಯುತ್ತಿದ್ದರು. ಕಿಟಕಿ ಮುಚ್ಚಿ ಆತನ ರಿಟರ್ನ್ ತುಂಬಿದೆ. ಕಳಿಸುವ ಮುಂಚೆ ತಾಯಿಯದನ್ನು ತೆರೆದೆ.

"ನಂದು ಫಸ್ಟು ಹಾಕಿಬಿಡಿ ಮೇಡಂ, ಟೈಮಿಲ್ಲ."

"ಅವರಿಗೆ ಬಾಡಿಗೆ ಬಂದಿದೆ ಅಂತ ಅವರು ಹೇಳಿದ ಮೇಲೆ, ನೀವು ಕೊಟ್ಟಿದೀರಿ ಅಂತ ನಾನು ಹಾಕ್ತೀನಿ. ನನ್ನ ಪದ್ಧತಿ ನಿಮಗೆ ಗೊತ್ತಲ್ಲ."

ಆತ ಹಲ್ಲು ಕಚ್ಚಿಕೊಂಡ. ತಾಯಿಗೆ ಫೋನು ಮಾಡಿ, ತಮಟೆಯಲ್ಲಿ ಏನೂ ಕೇಳಿಸದೆ, ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟೆ.

"ಅಮ್ಮ, ನಿಮ್ಮ ಮಗ ಇಲ್ಲೇ ಕೂತಿದಾರೆ. ಸ್ಪೀಕರಲ್ಲಿ ಹಾಕಿದೀನಿ."

"ಇರಲಿ. ಕೇಳಿಸ್ಕೊಳ್ಳಲಿ."

ಆ ಧ್ವನಿಯಲ್ಲಿ ಏನೋ ಬೇರೆಯಿತ್ತು. ನಾನು ಎಂದಿನಂತೆ ಓದಿ ಹೇಳಿದೆ. "ಹೋದ ವರ್ಷ ಪೂರ್ತಿ ಮೇಲಿನ ಮನೆಯಿಂದ ನಿಮಗೆ ಬಾಡಿಗೆ ಬಂದಿದೆ ಅಂತ ಹಾಕಿದೀನಿ. ಸರಿಯಾ?"

"ಹೋದ ವರ್ಷ ಬಂದಿದೆ. ಏಪ್ರಿಲ್‌ನಿಂದ ಬಂದಿಲ್ಲ."

"ಅದು ಈ ವರ್ಷದ್ದು, ಇದರಲ್ಲಿ ಸೇರಲ್ಲ. ಓಟಿಪಿ ಬಂತಾ?"

"ಬಂದಿದೆ. ಅದಕ್ಕೆ ಮುಂಚೆ ಒಂದು ಕೇಳ್ಲಾ ಮೇಡಂ? ಸರ್ಕಾರ ಹೊಸ ರೂಲ್ಸ್ ಮಾಡಿದೆಯಂತೆ, ತಾಯಂದಿರು ಮಕ್ಕಳ ಹತ್ರ ಬಾಡಿಗೆ ತಗೋಬಾರದು ಅಂತ. ಅವನೇ ಹೇಳಿದ. ತಗೊಂಡ್ರೆ ನನಗೇ ದಂಡ ಹಾಕ್ತಾರಂತೆ. ಹೌದಾ?"

ನಾನು ಆತನ ಮುಖ ನೋಡಿದೆ. ಆತ ಅಂಗೈ ಎತ್ತಿ, ಹೂಂ ಅನ್ನಿ, ಹೂಂ ಅನ್ನಿ ಎಂದು ಸನ್ನೆ ಮಾಡುತ್ತಿದ್ದ. ಜೈಲಿನ ಮಾತನ್ನು ತಾಯಿ ಕಟ್ಟಿದ್ದರು; ದಂಡದ ಮಾತನ್ನು ಮಗ ಕಟ್ಟಿದ್ದ. ಎರಡನ್ನೂ ಹೊರಿಸಿದ್ದು ನನ್ನ ವೃತ್ತಿಯ ಮೇಲೆ. ತಾಯಿಯದಕ್ಕೆ ನಾನು ನಕ್ಕಿದ್ದೆ. ಇದಕ್ಕೆ ಸಿಟ್ಟು ಬಂತು.

"ಇಲ್ಲಮ್ಮ. ಅಂಥ ರೂಲ್ಸ್ ಇಲ್ಲ."

ಆತ ಫೋನಿಗೆ ಕೈ ಹಾಕಿದ. ನಾನು ಅದನ್ನು ನನ್ನ ಕಡೆ ಎಳೆದುಕೊಂಡೆ.

"ಹಾಗಾದ್ರೆ ಯಾಕೆ ನಿಂತೋಯ್ತು?"

"ಈ ವರ್ಷದಿಂದ ನಿಮಗೆ ಬಾಡಿಗೆ ಕೊಟ್ರೆ ಅವರಿಗೆ ತೆರಿಗೇಲಿ ಲಾಭ ಇಲ್ಲ. ಅದಕ್ಕೆ."

ತಮಟೆಯ ನಡುವೆ ಕೇಳಿಸಲೆಂದು ಫೋನಿನ ಹತ್ತಿರ ಕಿವಿ ತಂದೆ.

"ಏಪ್ರಿಲ್‌ನಿಂದ ನಾನು ನನ್ನ ತಂಗೀನ ನೋಡಿಲ್ಲ ಮೇಡಂ," ಎಂದರು. "ಆಟೋದವನಿಗೆ ಬರಬೇಡ ಅಂದೆ. ಸರ್ಕಾರ ಹೇಳಿದ ಮೇಲೆ ಏನ್ಮಾಡೋದು ಅಂತ ಸುಮ್ಮನಿದ್ದೆ."

"ಅಮ್ಮ, ಮನೇಲಿ ಮಾತಾಡೋಣ," ಎಂದು ಆತ ಫೋನಿನತ್ತ ಬಾಗಿದ. "ಈಗ ಓಟಿಪಿ ಹೇಳು, ಟೈಮ್ ಆಗ್ತಿದೆ."

ತಾಯಿ ನನ್ನನ್ನೇ ಕೇಳಿದರು. "ಮೇಡಂ, ಮೇಲಿನ ಮನೆಗೆ ಬೇರೆಯವರು ಬಂದ್ರೆ? ಅವರ ಹತ್ರ ತಗೋಬಹುದಾ?"

"ತಗೋಬಹುದು. ಮನೆ ನಿಮ್ಮದು."

"ಆಗ ನನಗೆ ಓಟಿಪಿ ಬರುತ್ತಾ?"

"ಬರುತ್ತಮ್ಮ. ನಾನೇ ಹಾಕ್ಕೊಡ್ತೀನಿ."

"ಹಾಂ. ಹಾಗಾದ್ರೆ ಬರ್ಕೊಳ್ಳಿ."

ಒಂದೊಂದೇ ಅಂಕಿ ಹೇಳಿದರು. ತಡವರಿಕೆಯಿಲ್ಲ, ಆತುರವಿಲ್ಲ, ಎಂದಿನದೇ ಮಗ್ಗಿಯ ಧಾಟಿ. ನಾನು ಹಾಕಿದೆ, ಪರದೆಯ ಮೇಲೆ ಹಸಿರು ಟಿಕ್ಕು ಬಂತು. ಆಮೇಲೆ ಆತನದನ್ನೂ ಕಳಿಸಿದೆ, ಆತನ ಓಟಿಪಿಯನ್ನೂ ಕೇಳಿದೆ. ಆತ ತನ್ನ ಫೋನನ್ನು ನನ್ನ ಮುಖದ ಮುಂದೆ ಹಿಡಿದ, ಬಾಯಿಬಿಟ್ಟು ಹೇಳಲಿಲ್ಲ. ನೋಡಿಕೊಂಡು ಹಾಕಿದೆ. ಕೊನೆಯ ದಿನ ಮುಗಿಯುವ ಮುಂಚೆ ಆತನ ಕಳೆದ ವರ್ಷದ ವಿನಾಯಿತಿ ಪೂರ್ತಿಯಾಗಿ ಸಿಕ್ಕಿತ್ತು. ಕೆಲಸದಲ್ಲಿ ನಾನು ಯಾರಿಗೂ ಕಡಿಮೆ ಮಾಡುವುದಿಲ್ಲ.

ಆತ ಎದ್ದು ನಿಂತ. ಕಿವಿಯವರೆಗೂ ಕೆಂಪಾಗಿತ್ತು.

"ನೀವು ನಮ್ಮ ಮನೆ ಒಡೆದ್ರಿ ಮೇಡಂ."

"ನಿಮ್ಮ ಮನೆ ಅಲ್ಲ ಸಾರ್ ಅದು," ಎಂದೆ. "ನಾನು ಬಾಡಿಗೆಗಿದೀನಿ, ಓನರ್ ಬೇರೆಯವರು ಅಂತ ವರ್ಷಾ ವರ್ಷಾ ಸರ್ಕಾರಕ್ಕೆ ಬರೆದುಕೊಟ್ಟಿರೋದು ನೀವೇ. ಈಗಲೂ ಅದನ್ನೇ ಕಳಿಸಿದೀವಿ."

ಆತ ಕೀಲಿಗೆ ಕೈ ಹಾಕಿದ. ಅಷ್ಟರಲ್ಲಿ ಮೇಜಿನಿಂದ ಧ್ವನಿ ಬಂತು. ಫೋನು ಇಡಲು ಮೂವರೂ ಮರೆತಿದ್ದೆವು. ತಾಯಿ ಅಷ್ಟು ಹೊತ್ತೂ ಕೇಳುತ್ತಿದ್ದರು.

"ಮೇಡಂ, ಇದ್ದೀರಾ? ನಂಬರು ಸರಿಯಾಗಿತ್ತಾ?"

"ಸರಿಯಾಗಿತ್ತಮ್ಮ."

"ಅವನು ಹೊರಟನಾ?"

"ಇಲ್ಲ. ಇಲ್ಲೇ ನಿಂತಿದಾರೆ."

"ಹಾಗಾದ್ರೆ ಅವನಿಗೊಂದು ಮಾತು ಹೇಳಿ. ನಾಳಿದ್ದು ಗುರುವಾರ ಆಟೋದವನಿಗೆ ಬಾ ಅಂತ ಹೇಳ್ತಿದೀನಿ. ಬಾಡಿಗೆ ಐದನೇ ತಾರೀಖಿನ ಒಳಗೆ ಬರಬೇಕು. ಏಪ್ರಿಲ್‌ನಿಂದ ನಿಂತಿರೋದೂ ಸೇರಿ. ಇಲ್ದಿದ್ರೆ ಅವರಪ್ಪನ ಕುರ್ಚಿ ಇನ್ನೂ ಮನೇಲಿದೆ, ಮೆಟ್ಟಿಲ ಕೆಳಗೆ ನಾನು ಕೂತ್ಕೋತೀನಿ. ಆರನೇ ತಾರೀಖು ಗೇಟಿಗೆ ಟು-ಲೆಟ್ ಬೋರ್ಡು ಹಾಕ್ತೀನಿ."

ಫೋನು ಕಟ್ಟಾಯಿತು. ಗಣೇಶ ನಮ್ಮ ತಿರುವು ದಾಟಿ ಹೋಗಿದ್ದ, ತಮಟೆಯೂ ದೂರವಾಗಿತ್ತು. ಅವರ ಒಂದೊಂದು ಮಾತೂ ಆತನಿಗೆ ಕೇಳಿಸಿತ್ತು.

ಆದರೂ ನಾನು ಮೊದಲಿನಿಂದ ಇನ್ನೊಮ್ಮೆ ಹೇಳಿದೆ.